ರಕ್ಷಕನ ಕೆಂಪು ಉಡುಪು: ಯೂ ನೆಸ್ಬೊ ಅವರ ಒಂದು ಪತ್ತೇದಾರಿ ಕಾದಂಬರಿಯ ದೈವಶಾಸ್ತ್ರೀಯ ಓದು

ಪತ್ತೇದಾರಿ ಕಾದಂಬರಿಯೊಂದನ್ನು ದೈವಶಾಸ್ತ್ರದ ಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಂಡಾಗ ಕೆಲವು ಓದುಗರು ಹುಬ್ಬೇರಿಸುವುದು ಸಹಜ. ಗುರುಮಠದ ವಾಚನಾಲಯದಲ್ಲಿ ಈ ಜಾತಿಯ ಪುಸ್ತಕಗಳಿಗೆ ಕಪಾಟಿನ ಕೆಳಗಿನ ಸಾಲೇ ಗತಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ಹಿರಿಯ ಗುರುಗಳು ನಮ್ಮ ನಡುವೆ ಇಲ್ಲದಿಲ್ಲ. ಅವರು ಅದನ್ನು ಹೇಳಿಕೊಳ್ಳುವುದು ಮಾತ್ರ ಅಪರೂಪ. ಆದರೆ ಈ ಪ್ರಕಾರಕ್ಕೂ ಪಾಪಪ್ರಜ್ಞೆಗೂ ಇರುವ ನಂಟನ್ನು ಕ್ರೈಸ್ತ ಲೇಖಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಚೆಸ್ಟರ್‌ಟನ್ 1911ರಲ್ಲಿಯೇ ಯಾಜಕನೊಬ್ಬನನ್ನು ಪತ್ತೇದಾರನನ್ನಾಗಿ ಮಾಡಿದರು. ಅವರ ಫಾದರ್ ಬ್ರೌನ್ ಕೊಲೆಗಾರನನ್ನು ಹಿಡಿಯುವುದು ಕಾಲಿನ ಗುರುತುಗಳಿಂದಲ್ಲ; ಆ ಪಾಪವನ್ನು ತನ್ನೊಳಗೇ ಕಲ್ಪಿಸಿಕೊಳ್ಳಬಲ್ಲ ಶಕ್ತಿಯಿಂದ. ಕವಿ ಡಬ್ಲ್ಯು. ಎಚ್. ಆಡನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪತ್ತೇದಾರಿ ಕಥೆಯ ಚಟವನ್ನು ಪಾಪಪ್ರಜ್ಞೆಯಿಂದ ನರಳುವವನ ಚಟವೆಂದು ವಿವರಿಸಿದರು. ಅವರ ಪ್ರಕಾರ ಅಪರಾಧಿ ಯಾರೆಂದು ಬಯಲಾಗಿ ಅವನನ್ನು ಹೊರಹಾಕಿದಾಗ ಓದುಗನಿಗೆ ಸಿಗುವುದು ಏದೆನ್ ತೋಟಕ್ಕೆ ಮರಳಿದ ಭ್ರಮೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ನಾರ್ವೆಯ ಯೂ ನೆಸ್ಬೊ ಅವರ ‘ಫ್ರೆಲ್ಸರನ್’ ಕಾದಂಬರಿಯನ್ನು ಓದಿದೆವು.

2005ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಡಾನ್ ಬಾರ್ಟ್ಲೆಟ್ ‘ದ ರಿಡೀಮರ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ನಮಗೆ ನಾರ್ವೇಜಿಯನ್ ಬಾರದು. ನಮ್ಮ ಓದು ಆ ಅನುವಾದದ್ದು. ಆದರೂ ಮೂಲದ ಶೀರ್ಷಿಕೆಯನ್ನು ಕುರಿತು ಒಂದು ಮಾತು ಹೇಳಲೇಬೇಕು. ‘ಫ್ರೆಲ್ಸರನ್’ ಎಂದರೆ ರಕ್ಷಕ. ನಾರ್ವೆಯ ಕ್ರೈಸ್ತರು ಪ್ರಭು ಕ್ರಿಸ್ತರನ್ನು ಕರೆಯುವ ಪದ. ಕಾದಂಬರಿಯ ಕೇಂದ್ರದಲ್ಲಿರುವ ಸಾಲ್ವೇಶನ್ ಆರ್ಮಿಗೆ ಆ ಭಾಷೆಯಲ್ಲಿರುವ ಹೆಸರು ‘ಫ್ರೆಲ್ಸೆಸಾರ್ಮೆಯೆನ್’. ಎರಡೂ ಒಂದೇ ಬೇರಿನವು. ಇಂಗ್ಲಿಷಿನಲ್ಲಿ ಈ ನಂಟು ಕಳಚಿಹೋಗಿದೆ. ಕನ್ನಡಕ್ಕೆ ಯಾರಾದರೂ ತಂದರೆ ‘ರಕ್ಷಕ’, ‘ರಕ್ಷಣ್ಯ ಸೈನ್ಯ’ ಎಂದು ಅದನ್ನು ಉಳಿಸಿಕೊಳ್ಳಬಹುದು.

ಕಥೆಯ ಕೊನೆಯನ್ನು ಬಿಟ್ಟುಕೊಡದೆ ನಾವು ಹೇಳಬೇಕಾದದ್ದನ್ನು ಹೇಳಲಾಗದು. ಪುಸ್ತಕವನ್ನು ಮೊದಲು ಓದಬೇಕೆನ್ನುವವರು ಇಲ್ಲಿಯೇ ನಿಲ್ಲುವುದು ಒಳಿತು.

ಕಾಲ ಡಿಸೆಂಬರ್, ಸ್ಥಳ ಆಸ್ಲೊ. ಹಿಮ ಬಿದ್ದು ಹೆಪ್ಪುಗಟ್ಟಿದ ಕಾರ್ಲ್ ಯೋಹಾನ್ ಬೀದಿಯ ಎಗರ್‌ತೊರ್ಗೆ ಚೌಕದಲ್ಲಿ ಸಾಲ್ವೇಶನ್ ಆರ್ಮಿಯ ಕ್ರಿಸ್ಮಸ್ ಸಂಗೀತ ನಡೆಯುತ್ತಿರುವಾಗ ರಾಬರ್ಟ್ ಕಾರ್ಲ್ಸನ್ ಎಂಬ ಯುವಕನಿಗೆ ಒಬ್ಬ ಹತ್ತಿರದಿಂದಲೇ ಗುಂಡಿಕ್ಕುತ್ತಾನೆ. ಗುಂಡಿಕ್ಕಿದವನು ಕ್ರೊವೇಶಿಯದ ಜಾಗ್ರೆಬ್ ನಗರದಿಂದ ಬಂದ ಬಾಡಿಗೆ ಹಂತಕ. ಪೊಲೀಸರಿಗೆ ಸಿಗುವ ಹೆಸರು ಕ್ರಿಸ್ಟೊ ಸ್ಟಾಂಕಿಚ್. ಹಿಮಪಾತದಿಂದ ವಿಮಾನ ಹೊರಡುವುದಿಲ್ಲ. ತಾನು ಕೊಂದದ್ದು ಗೊತ್ತುಪಡಿಸಿದ ಯೋನ್ ಕಾರ್ಲ್ಸನ್‌ನನ್ನಲ್ಲ, ಅವನ ತಮ್ಮನನ್ನು ಎಂಬುದು ಅವನಿಗೆ ತಿಳಿಯುತ್ತದೆ. ಕೆಲಸ ಪೂರೈಸಲು ಅವನು ಉಳಿಯುತ್ತಾನೆ. ಕೈಯಲ್ಲಿ ಹಣವಿಲ್ಲ, ತಲೆಯ ಮೇಲೆ ಸೂರಿಲ್ಲ. ಯಾರ ಸದಸ್ಯನನ್ನು ಕೊಂದನೋ ಆ ಆರ್ಮಿಯೇ ಮಾದಕವ್ಯಸನಿಗಳಿಗಾಗಿ ನಡೆಸುವ ‘ಫೀರ್‌ಲೀಸೆ’ ಕೆಫೆಯ ಬಾಗಿಲಿಗೆ ಹಸಿದು, ನಡುಗುತ್ತಾ ಬರುತ್ತಾನೆ. ಕೊಲೆಗಳು ಒಂದರ ಹಿಂದೊಂದು ನಡೆಯುತ್ತವೆ. ತನಿಖೆ ನಡೆಸುವವನು ಇನ್‌ಸ್ಪೆಕ್ಟರ್ ಹ್ಯಾರಿ ಹೂಲೆ.

ಹ್ಯಾರಿ ದುಃಖದಲ್ಲಿರುವ ಮನುಷ್ಯ. ಇಂತಹ ಕಥೆಗಳಲ್ಲಿ ದುಃಖಿತ ಪತ್ತೇದಾರನೆಂದರೆ ಈಗ ಒಂದು ಅಚ್ಚು; ಕುಡಿತ, ನಿದ್ರಾಹೀನತೆ, ಮುರಿದ ಪ್ರೇಮ ಎಲ್ಲವೂ ಸಿದ್ಧವಾಗಿಯೇ ಸಿಗುತ್ತವೆ. ಹ್ಯಾರಿಯಲ್ಲಿಯೂ ಇವೆಲ್ಲ ಇವೆ, ಕೆಲವೆಡೆ ಬೇಸರ ಬರುವಷ್ಟು. ಆದರೆ ಅವನ ದುಃಖಕ್ಕೆ ಒಂದು ಇತಿಹಾಸವಿದೆ. 2000ದಲ್ಲಿ ಬಂದ ‘ರೋಡ್‌ಸ್ಟ್ರೂಪೆ’ಯಲ್ಲಿ ಅವನ ಸಹೋದ್ಯೋಗಿ ಎಲೆನ್ ಯೆಲ್ಟನ್ ಕೊಲೆಯಾಗುತ್ತಾಳೆ. ಆ ಕೊಲೆಯ ಹಿಂದಿದ್ದವನು ಪೊಲೀಸ್ ಇಲಾಖೆಯೊಳಗಿನವನೇ ಎಂಬ ಸತ್ಯ 2003ರ ‘ಮಾರೆಕೋರ್ಸ್’ವರೆಗೂ ಇತ್ಯರ್ಥವಾಗುವುದಿಲ್ಲ. ನಡುವಿನ 2002ರ ಕಾದಂಬರಿಯ ಹೆಸರು ‘ಸೊರ್ಗೆನ್‌ಫ್ರಿ’, ಅಂದರೆ ದುಃಖರಹಿತ. ಆಸ್ಲೊದ ಒಂದು ಬೀದಿಗೂ ಆ ಹೆಸರಿದೆ. ಇಂಗ್ಲಿಷ್ ಅನುವಾದದಲ್ಲಿ ಅದೇ ಪುಸ್ತಕಕ್ಕೆ ಗ್ರೀಕರ ಪ್ರತೀಕಾರದೇವತೆ ನೆಮೆಸಿಸ್‌ಳ ಹೆಸರು ಬಂತು. ಪ್ರಕಾಶಕರು ಮಾರಾಟದ ದೃಷ್ಟಿಯಿಂದ ಹೀಗೆ ಮಾಡಿರಬಹುದು. ಆದರೂ ದುಃಖದಿಂದ ಬಿಡುಗಡೆ ಎಂಬ ಪದವಿದ್ದಲ್ಲಿ ಪ್ರತೀಕಾರ ಎಂಬ ಪದ ಬಂದು ಕುಳಿತದ್ದು ನಮಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಈ ಕಾದಂಬರಿಮಾಲೆಯ ಒಳಗಿನ ಚಲನೆಯೇ ಅದು.

ದುಃಖಿತನ ಮುಂದೆ ಕುಳಿತ ಯಾವ ಯಾಜಕನಿಗೂ ಈ ಚಲನೆ ಅಪರಿಚಿತವಲ್ಲ. ಸಾವಿನ ಸುದ್ದಿಯನ್ನು ಹೊತ್ತು ಬಾಗಿಲು ತಟ್ಟಿದ ಅನುಭವ ನಮಗೂ ಇದೆ. ಮೊದಲ ಕ್ಷಣದ ಮೌನದ ಬಳಿಕ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ‘ಯಾಕೆ’ ಎಂಬುದಲ್ಲ, ‘ಯಾರು’ ಎಂಬುದು. ಯಾರ ತಪ್ಪು, ವೈದ್ಯರದೋ, ಚಾಲಕನದೋ, ತನ್ನದೋ? ದುಃಖಕ್ಕೆ ಒಂದು ಮುಖ ಬೇಕು. ಆ ಮುಖ ಸಿಕ್ಕಿದರೆ ದುಃಖ ತಾತ್ಕಾಲಿಕವಾಗಿ ಹಗುರವಾಗುತ್ತದೆ, ಏಕೆಂದರೆ ಅದು ಕೋಪವಾಗಿ ಮಾರ್ಪಡುತ್ತದೆ. ಪತ್ತೇದಾರನೆಂದರೆ ಈ ಪ್ರಶ್ನೆಯನ್ನೇ ವೃತ್ತಿಯಾಗಿಸಿಕೊಂಡವನು. ನೆಸ್ಬೊ ಅವರ ಜಾಣ್ಮೆ ಇರುವುದು ತನಿಖೆಯ ನಡುವೆಯೇ ಹ್ಯಾರಿಗೆ ಹೊಸದೊಂದು ದುಃಖವನ್ನು ಕೊಡುವುದರಲ್ಲಿ. ಅವನ ಕಿರಿಯ ಸಂಗಾತಿ ಹಾಲ್ವೊರ್ಸನ್ ಇರಿತಕ್ಕೊಳಗಾಗಿ ಸಾಯುತ್ತಾನೆ. ಅವನ ಮಗು ಹುಟ್ಟುವುದರಲ್ಲಿದೆ. ಇರಿದವನು ಸ್ಟಾಂಕಿಚ್ ಎಂದು ಎಲ್ಲರೂ ನಂಬುತ್ತಾರೆ. ನಂಬಿಕೆ ತಪ್ಪು. ಇರಿದವನು ಯೋನ್ ಕಾರ್ಲ್ಸನ್. ಸಾಲ್ವೇಶನ್ ಆರ್ಮಿಯ ಸಮವಸ್ತ್ರ ತೊಟ್ಟ, ಎಲ್ಲರೂ ಮೆಚ್ಚುವ, ಹಂತಕನಿಂದ ಬೆನ್ನಟ್ಟಿಸಿಕೊಳ್ಳುತ್ತಿರುವ ಬಡಪಾಯಿ ಎಂದು ಪೊಲೀಸರು ಕಾವಲು ಕಾಯುತ್ತಿದ್ದ ಅದೇ ಯೋನ್. ತಮ್ಮನ ಹೆಸರಿನಲ್ಲಿ ಜಾಗ್ರೆಬ್‌ಗೆ ಹೋಗಿ ತನ್ನದೇ ಕೊಲೆಗೆ ಸುಪಾರಿ ಕೊಟ್ಟು, ಕೊನೆಯ ಗಳಿಗೆಯಲ್ಲಿ ತನ್ನ ಪಾಳಿಯನ್ನು ತಮ್ಮನಿಗೆ ಬಿಟ್ಟುಕೊಟ್ಟವನೂ ಅವನೇ. ಕಾಯಿನ ಹೇಬೆಲರ ಕಥೆಯನ್ನು ಬಲ್ಲವರಿಗೆ ಮುಂದೆ ಹೇಳಬೇಕಾದದ್ದಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಇಲ್ಲಿ ಊರವರ ಕಣ್ಣಿಗೆ ಅಣ್ಣನೇ ಹೇಬೆಲ, ಪುಂಡನೆನಿಸಿಕೊಂಡಿದ್ದವನು ಸತ್ತ ತಮ್ಮ.

ಈ ಎಲ್ಲದರ ನಡುವೆ ‘ರಕ್ಷಕ’ ಯಾರು? ಕಾದಂಬರಿಯೊಳಗೆ ಆ ಹೆಸರು ಹಂತಕನದು. 1991ರಲ್ಲಿ ವುಕೊವಾರ್ ನಗರಕ್ಕೆ ಮುತ್ತಿಗೆ ಬಿದ್ದಾಗ ಅವನು ಇನ್ನೂ ಹುಡುಗ. ಶತ್ರುಗಳ ಟ್ಯಾಂಕುಗಳನ್ನು ಸ್ಫೋಟಿಸುವ ಕೆಲಸಕ್ಕೆ ನುಸುಳಿಹೋಗುತ್ತಿದ್ದ ಅವನನ್ನು ಊರಿನವರು ‘ಪುಟ್ಟ ರಕ್ಷಕ’ ಎಂದು ಕರೆದರು. ಚರಿತ್ರೆಯ ವುಕೊವಾರ್ ಆ ವರ್ಷ 87 ದಿನಗಳ ಮುತ್ತಿಗೆಯ ಬಳಿಕ ನವೆಂಬರ್ 18ರಂದು ಬಿದ್ದಿತು. ಅಲ್ಲಿನ ಆಸ್ಪತ್ರೆಯಿಂದ ಎಳೆದೊಯ್ದ 200ಕ್ಕೂ ಹೆಚ್ಚು ಜನರನ್ನು ಓವ್ಚಾರಾ ಎಂಬಲ್ಲಿ ಕೊಂದು ಹೂಳಲಾಯಿತು. ಕೊಂದವರೂ ಸತ್ತವರೂ ಬಹುಪಾಲು ದೀಕ್ಷಾಸ್ನಾನ ಪಡೆದ ಸಂಪ್ರದಾಯಗಳಿಂದಲೇ ಬಂದವರು ಎಂಬುದನ್ನು ಧರ್ಮಸಭೆಯ ಚರಿತ್ರೆಯನ್ನು ಕಲಿಸುವವರು ಬಿಟ್ಟುಬಿಡಬಾರದು. ರಕ್ಷಣೆಗಾಗಿ ಕೊಲ್ಲುವುದನ್ನು ಕಲಿತ ಮಗು ದೊಡ್ಡವನಾಗಿ ಹಣಕ್ಕಾಗಿ ಕೊಲ್ಲುತ್ತದೆ. ಅವನ ವ್ಯವಹಾರ ನೋಡಿಕೊಳ್ಳುವವಳು ಅವನ ತಾಯಿ. ನೆಸ್ಬೊ ಇಲ್ಲಿ ತೀರ್ಪು ಕೊಡುವ ಅವಸರ ತೋರುವುದಿಲ್ಲ. ವುಕೊವಾರ್‌ನ ಪುಟಗಳು ಇಡೀ ಕಾದಂಬರಿಯ ಅತ್ಯುತ್ತಮ ಪುಟಗಳೆಂಬುದು ನಮ್ಮ ಅಭಿಪ್ರಾಯ.

ಕ್ರೈಸ್ತ ಓದುಗರಿಗೆ ಈ ಹೆಸರು ಮೊದಲಿಗೆ ವ್ಯಂಗ್ಯವಾಗಿ, ಪ್ರಾಯಶಃ ದೇವದೂಷಣೆಯಾಗಿಯೂ ಕೇಳಿಸಬಹುದು. ಪವಿತ್ರ ಗ್ರಂಥದ ಭಾಷೆಗೆ ಇದು ಅಷ್ಟು ಪರಕೀಯವಲ್ಲ. ಹೀಬ್ರೂವಿನ ‘ಗೋಯೆಲ್’ ಎಂಬ ಪದವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಬಡತನಕ್ಕೆ ಬಿದ್ದು ಮಾರಿದ ನೆಲವನ್ನು ಬಿಡಿಸಿಕೊಡುವ ಸಮೀಪಬಂಧು ಗೋಯೆಲ್. ರೂತಳ ಪಾಲಿಗೆ ಬೋವಜನು ಗೋಯೆಲ್. ಯೋಬನು ತನ್ನ ನರಳಿಕೆಯ ಆಳದಿಂದ ಜೀವಂತನೆಂದು ಸಾರುವುದು ಗೋಯೆಲ್‌ನನ್ನೇ. ಯೆಶಾಯನ ಎರಡನೆಯ ಭಾಗದಲ್ಲಿ ಸರ್ವೇಶ್ವರರಿಗೇ ಈ ಬಿರುದು. ಆದರೆ ಸಂಖ್ಯಾಕಾಂಡದ 35ನೆಯ ಅಧ್ಯಾಯದಲ್ಲಿ ‘ಗೋಯೆಲ್ ಹದ್ದಾಮ್’ ಎಂದರೆ ರಕ್ತದ ಗೋಯೆಲ್: ಹತನಾದ ಬಂಧುವಿನ ಪರವಾಗಿ ಹಂತಕನನ್ನು ಬೆನ್ನಟ್ಟಿ ಕೊಲ್ಲುವವನು. ವಿಮೋಚಕನಿಗೂ ರಕ್ತಪ್ರತೀಕಾರಿಗೂ ಒಂದೇ ಪದ. ಕನ್ನಡದ ಅನುವಾದಗಳಲ್ಲಿ ಒಂದೊಂದು ಕಡೆ ಒಂದೊಂದು ಪದ ಬರುವುದರಿಂದ ಈ ನಂಟು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಬ್ಬರೂ ಮಾಡುವುದು ಮೂಲತಃ ಒಂದೇ ಕೆಲಸ: ಕುಟುಂಬದಿಂದ ಕಳೆದುಹೋದದ್ದನ್ನು ಮರಳಿ ತರುವುದು. ನೆಲವನ್ನು ಮರಳಿ ತರಬಹುದು. ಚೆಲ್ಲಿದ ರಕ್ತವನ್ನು ಹೇಗೆ ತರುವುದು?

ಹಾಗಾಗಿ ನೆಸ್ಬೊ ಅವರ ಶೀರ್ಷಿಕೆ ಕ್ರೈಸ್ತ ಪದವೊಂದರ ದುರುಪಯೋಗ ಎನ್ನುವುದಕ್ಕಿಂತ ಆ ಪದದ ಅತ್ಯಂತ ಹಳೆಯ, ನಾವು ಮರೆತ ಅರ್ಥದ ಕಡೆಗೆ ಹಿಂದಿರುಗುವಿಕೆ ಎನ್ನಬೇಕು. ಲೇಖಕರಿಗೆ ಇದು ತಿಳಿದಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಪ್ರಶ್ನೆ ಇರುವುದು ಕಥೆ ಯಾವ ಗೋಯೆಲ್‌ನನ್ನು ಆರಿಸಿಕೊಳ್ಳುತ್ತದೆ ಎಂಬುದರಲ್ಲಿ.

ಹ್ಯಾರಿ ಜಾಗ್ರೆಬ್‌ಗೆ ಹೋಗಿ ಹಂತಕನ ತಾಯಿಯನ್ನು ಭೇಟಿಯಾಗುವ ಭಾಗ ಇಲ್ಲಿ ನಿರ್ಣಾಯಕ. ಸುಪಾರಿ ಕೊಟ್ಟವನು ಯಾರೆಂದು ಅವಳು ಹೇಳಬೇಕು. ಪ್ರತಿಯಾಗಿ ಅವಳ ಮಗನ ಜೀವ ಉಳಿಸುವುದಾಗಿ ಹ್ಯಾರಿ ಮಾತು ಕೊಡುತ್ತಾನೆ. ಇದನ್ನು ಓದುವಾಗ ನಮಗೆ ಫ್ರೀಡ್ರಿಶ್ ಡ್ಯೂರೆನ್‌ಮಾಟ್ ಅವರ 1958ರ ‘ದಾಸ್ ಫೆರ್‌ಷ್ಪ್ರೆಖನ್’ ನೆನಪಾಯಿತು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಪಾಸ್ಟರರ ಮಗನಾದ ಡ್ಯೂರೆನ್‌ಮಾಟ್ ಆ ಕಾದಂಬರಿಯಲ್ಲಿ ಮಾಥೇಯಿ ಎಂಬ ತನಿಖಾಧಿಕಾರಿಯಿಂದ ಕೊಲೆಯಾದ ಬಾಲಕಿಯ ತಾಯಿಗೆ ಮಾತು ಕೊಡಿಸುತ್ತಾರೆ. ತನ್ನ ಆತ್ಮದ ರಕ್ಷಣೆಯ ಮೇಲೆ ಆಣೆಯಿಟ್ಟು ಕೊಟ್ಟ ಆ ಮಾತು ಅವನನ್ನು ನುಂಗಿಬಿಡುತ್ತದೆ. ಹಂತಕನಿಗೆ ಗಾಳ ಹಾಕಲು ಅವನು ಮತ್ತೊಬ್ಬ ಪುಟ್ಟ ಹುಡುಗಿಯನ್ನೇ ಎರೆಯಾಗಿ ಬಳಸುತ್ತಾನೆ. ಹಂತಕನು ಬರುವ ದಾರಿಯಲ್ಲಿ ಅಪಘಾತದಲ್ಲಿ ಸತ್ತದ್ದು ತಿಳಿಯದೆ ವರ್ಷಗಟ್ಟಲೆ ಕಾಯುತ್ತಾನೆ. ಅಲ್ಲಿ ಹತಳ ತಾಯಿಗೆ ಕೊಟ್ಟ ಮಾತು, ಇಲ್ಲಿ ಹಂತಕನ ತಾಯಿಗೆ ಕೊಟ್ಟ ಮಾತು. ಕೃತಿಯಾಗಿ ಡ್ಯೂರೆನ್‌ಮಾಟ್ ಅವರದೇ ಮೇಲು, ಸಂಶಯವಿಲ್ಲ. ಆದರೆ ನೆಸ್ಬೊ ಅವರ ಈ ತಿರುವಿನಲ್ಲಿ ಶುಭಸಂದೇಶಕ್ಕೆ ಹತ್ತಿರವಾದದ್ದೊಂದು ಇದೆ: ಹಂತಕನಿಗೂ ತಾಯಿಯಿದ್ದಾಳೆ, ಅವನ ಜೀವಕ್ಕಾಗಿ ಬೇಡಿಕೊಳ್ಳುವವರಿದ್ದಾರೆ ಎಂಬುದನ್ನು ಕಾನೂನಿನ ಪ್ರತಿನಿಧಿಯೊಬ್ಬ ಕೇಳಿಸಿಕೊಳ್ಳುತ್ತಾನೆ. ಕಾಯಿನನ ಮೇಲೆ ಸರ್ವೇಶ್ವರರು ಇಟ್ಟ ಗುರುತು ಅವನನ್ನು ಯಾರೂ ಕೊಲ್ಲದಿರಲೆಂದು ಇಟ್ಟದ್ದಲ್ಲವೇ? ಹ್ಯಾರಿಯ ಮಾತು ಅಂತಹ ಒಂದು ಗುರುತು.

ಆ ಗುರುತನ್ನು ಅವನು ಸ್ಟಾಂಕಿಚ್‌ಗೆ ಕೊಡುತ್ತಾನೆ, ಯೋನ್‌ಗೆ ಕೊಡುವುದಿಲ್ಲ. ಗಾರ್ಡರ್‌ಮೂನ್ ವಿಮಾನನಿಲ್ದಾಣದ ಶೌಚಾಲಯದಲ್ಲಿ ಹಂತಕನು ಯೋನ್‌ನತ್ತ ಪಿಸ್ತೂಲು ಹಿಡಿದಿದ್ದಾನೆ. ಹ್ಯಾರಿ ಅಲ್ಲಿಗೆ ಬರುತ್ತಾನೆ. ತಡೆಯಬಲ್ಲವನು ಅವನೊಬ್ಬನೇ. ಯೋನ್ ಏನೇನು ಮಾಡಿದ್ದಾನೆಂಬುದು ಆ ಹೊತ್ತಿಗೆ ಹ್ಯಾರಿಗೆ ತಿಳಿದಿದೆ. ಅವನು ತಡೆಯದೆ ಹೊರಟುಹೋಗುತ್ತಾನೆ.

ಇಲ್ಲಿ ಓದುಗನ ಎದೆಯಲ್ಲಿ ಏಳುವ ನೆಮ್ಮದಿ ಸುಳ್ಳಲ್ಲ. ನಮ್ಮಲ್ಲಿಯೂ ಅದು ಎದ್ದಿತು; ಪುಸ್ತಕವನ್ನು ಮುಚ್ಚಿಟ್ಟು ನಿಜಕ್ಕೂ ಹಗುರವಾದೆವು. ನಾಚಿಕೆ ಆಮೇಲೆ ಬಂತು. ಆಡನ್ ಹೇಳಿದ ಏದೆನ್‌ನ ಭ್ರಮೆ ಇದೇ ಇರಬೇಕು. ಆದರೆ ಆಡನ್‌ರ ಮಾದರಿಯಲ್ಲಿ ಪತ್ತೇದಾರ ಅಪರಾಧಿಯನ್ನು ಕಾನೂನಿಗೆ ಒಪ್ಪಿಸಿ ಶುದ್ಧಹಸ್ತನಾಗಿ ಹೊರಡುತ್ತಾನೆ. ನೆಸ್ಬೊ ಅವರ ಆಸ್ಲೊದಲ್ಲಿ ಶುದ್ಧಹಸ್ತರು ಯಾರೂ ಇಲ್ಲ. ರಕ್ಷಣೆ ರಕ್ತದಿಂದಲೇ ಬರುತ್ತದೆ, ಬೇರೊಬ್ಬರ ರಕ್ತದಿಂದ.

ತರಗತಿಯಲ್ಲಿ ಈ ಭಾಗವನ್ನು ಚರ್ಚಿಸಿದಾಗ ವಿದ್ಯಾರ್ಥಿಯೊಬ್ಬ ಎತ್ತಿದ ಆಕ್ಷೇಪ ಗಟ್ಟಿಯಾದದ್ದು. ಆಶ್ರಯನಗರಗಳು ಇದ್ದದ್ದು ಅರಿಯದೆ ಕೊಂದವರಿಗಾಗಿ. ಬೇಕೆಂದೇ ಕೊಂದವನನ್ನು ರಕ್ತದ ಗೋಯೆಲ್‌ನ ಕೈಗೆ ಒಪ್ಪಿಸಬೇಕೆಂದು ಸಂಖ್ಯಾಕಾಂಡವೇ ಹೇಳುತ್ತದಲ್ಲವೇ, ಹ್ಯಾರಿ ಮಾಡಿದ್ದು ಅದನ್ನೇ ಅಲ್ಲವೇ ಎಂದು ಅವನು ಕೇಳಿದ. ಅದೇ ಅಧ್ಯಾಯವನ್ನು ಇನ್ನಷ್ಟು ನಿಧಾನವಾಗಿ ಓದಬೇಕು ಎಂದೆವು. ಕೊಂದವನು ಸಭೆಯ ಮುಂದೆ ನಿಂತು ನ್ಯಾಯವಿಚಾರಣೆಯಾಗುವ ತನಕ ಸಾಯಕೂಡದು. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರಿಗೂ ಮರಣದಂಡನೆ ಇಲ್ಲ. ಪ್ರಾಚೀನ ಇಸ್ರಯೇಲ್ ಪ್ರತೀಕಾರವನ್ನು ಒಮ್ಮೆಗೇ ರದ್ದುಗೊಳಿಸಲಿಲ್ಲ ನಿಜ. ಆದರೆ ದುಃಖಿತನ ಕೈಗೂ ಹಂತಕನ ಕುತ್ತಿಗೆಗೂ ನಡುವೆ ಸಭೆಯನ್ನು ತಂದು ನಿಲ್ಲಿಸಿತು. ಶೌಚಾಲಯದಲ್ಲಿ ಸಭೆಯಿಲ್ಲ. ಅಲ್ಲಿ ಸಾಕ್ಷಿಯೂ ನ್ಯಾಯಾಧೀಶನೂ ದುಃಖಿತನೂ ಒಬ್ಬನೇ. ಅದೇ ಅಧ್ಯಾಯದಲ್ಲಿ ಇನ್ನೊಂದು ವಿಚಿತ್ರ ವಿಧಿಯೂ ಇದೆ: ಆಶ್ರಯನಗರದಲ್ಲಿರುವವನು ತನ್ನ ನೆಲಕ್ಕೆ ಮರಳುವುದು ಪ್ರಧಾನ ಯಾಜಕ ಸತ್ತ ಮೇಲೆ. ಹೀಬ್ರಿಯರಿಗೆ ಬರೆದ ಪತ್ರವನ್ನು ಓದಿದವರು ಈ ಸಾಲನ್ನು ಸುಮ್ಮನೆ ದಾಟಲಾರರು.

ನಾರ್ವೆಯ ಹಿನ್ನೆಲೆಯಲ್ಲಿ ಈ ಕೃತ್ಯದ ತೂಕ ಇನ್ನೂ ಹೆಚ್ಚು. ಆ ದೇಶ ಶಾಂತಿಕಾಲದ ಮರಣದಂಡನೆಯನ್ನು 1905ರಲ್ಲಿಯೇ, ಯುದ್ಧಕಾಲದ್ದನ್ನೂ ಸೇರಿಸಿ ಸಂಪೂರ್ಣವಾಗಿ 1979ರಲ್ಲಿ ಕೈಬಿಟ್ಟಿತು. ಕಥೆಯ ಕಾಲದಲ್ಲಿ ಕೊಲೆಗೆ ಸಾಮಾನ್ಯವಾಗಿ ವಿಧಿಸಬಹುದಾಗಿದ್ದ ಗರಿಷ್ಠ ಸೆರೆವಾಸ 21 ವರ್ಷ. ಧರ್ಮಸಭೆ ತನ್ನ ಧರ್ಮೋಪದೇಶದ 2267ನೆಯ ಪರಿಚ್ಛೇದವನ್ನು ತಿದ್ದಿ ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಸಾರಿದ್ದು 2018ರಲ್ಲಿ, ಜಗದ್ಗುರು ಫ್ರಾನ್ಸಿಸರ ಕಾಲದಲ್ಲಿ. ನಾರ್ವೆಯ ಕಾನೂನು ಅಷ್ಟು ಹಿಂದೆ ಬಿಟ್ಟುಕೊಟ್ಟ ಅಧಿಕಾರವನ್ನು ಆ ಕಾನೂನಿನ ನೌಕರನೊಬ್ಬ ಸದ್ದಿಲ್ಲದೆ ಮರಳಿ ಕೈಗೆತ್ತಿಕೊಳ್ಳುತ್ತಾನೆ, ಅದೂ ತನ್ನ ಬೆರಳನ್ನು ಕುದುರೆಯ ಮೇಲಿಡದೆ. ಅಪಾಯದಲ್ಲಿರುವವನಿಗೆ ನೆರವನ್ನು ನಿರಾಕರಿಸುವುದನ್ನು ಅದೇ ಧರ್ಮೋಪದೇಶದ 2269ನೆಯ ಪರಿಚ್ಛೇದ ನಿಷೇಧಿಸುತ್ತದೆ. ಬೆನ್ನು ತಿರುಗಿಸಿದ್ದನ್ನು ಕೊಲೆಯಲ್ಲ ಎನ್ನುವ ಸೂಕ್ಷ್ಮತೆಗೆ ನಮ್ಮ ನೀತಿಶಾಸ್ತ್ರದಲ್ಲಿ ಹೆಚ್ಚು ಜಾಗವಿಲ್ಲ.

ಕಾದಂಬರಿಯ ಮೇಲೆ ನಮ್ಮ ಮುಖ್ಯ ದೂರು ಹ್ಯಾರಿ ಮಾಡಿದ್ದರ ಕುರಿತಲ್ಲ. ಪಾತ್ರಗಳು ಪಾಪ ಮಾಡಬೇಕು. ಇಲ್ಲವಾದರೆ ಕಾದಂಬರಿಯೇ ಇಲ್ಲ. ದೂರು ಯೋನ್‌ನ ಕುರಿತು. ಲೇಖಕರು ಅವನನ್ನು ಅದೆಷ್ಟು ಕಪ್ಪಾಗಿ ಬಳಿದಿದ್ದಾರೆಂದರೆ ಅವನಿಗೆ ಪಶ್ಚಾತ್ತಾಪದ ಬಾಗಿಲೇ ಇಲ್ಲ. ಅತ್ಯಾಚಾರಿ, ಸೋದರಹಂತಕ, ಪೊಲೀಸನನ್ನು ಇರಿದವನು, ಸಂಸ್ಥೆಯ ಹಣಕ್ಕೆ ಕೈಹಾಕಿದವನು. ಒಂದು ಪಾಪ ಸಾಲದೆಂಬಂತೆ ಮತ್ತೊಂದು. ಯೋನ್‌ಗೆ ಒಳಗಿನಿಂದ ಮಾತಾಡುವ ಅವಕಾಶವನ್ನು ಕಥೆ ಕೊಟ್ಟಾಗಲೂ ಅದು ನಮ್ಮನ್ನು ದಾರಿತಪ್ಪಿಸಲೆಂದೇ. ಸ್ಟಾಂಕಿಚ್‌ಗೆ ವುಕೊವಾರ್ ಸಿಕ್ಕಿತು, ತಾಯಿ ಸಿಕ್ಕಿದಳು, ಹಸಿವೂ ಚಳಿಯೂ ಸಿಕ್ಕಿದವು. ಯೋನ್‌ಗೆ ಸಿಕ್ಕಿದ್ದು ಮುಖವಾಡ ಮಾತ್ರ. ಇದು ಕಥೆಗಾರರ ಮೋಸ. ದೈವಕೃಪೆಯನ್ನು ನಿರಾಕರಿಸಲು ಓದುಗನಿಗೆ ಕಷ್ಟವಾಗದಂತೆ ಅಂಕಗಳನ್ನು ಮೊದಲೇ ಜೋಡಿಸಿಟ್ಟಿದ್ದಾರೆ. ದೊಸ್ತೊಯೆವ್‌ಸ್ಕಿ ಹೀಗೆ ಮಾಡಲಿಲ್ಲ. ಅವರ ರಸ್ಕೋಲ್ನಿಕೊವ್ ಕೊಡಲಿ ಎತ್ತಿದ ಮೇಲೂ ನಾವು ಅವನನ್ನು ಬಿಟ್ಟುಕೊಡಲಾರೆವು.

ಹೀಗೆ ದೂರಿದ ಮೇಲೂ ಈ ಪುಸ್ತಕವನ್ನು ನಮ್ಮ ಓದುಗರ ಕೈಗೆ ಕೊಡಲು ಒಂದು ಕಾರಣವಿದೆ. ಅದು ಮಾರ್ಟಿನೆ ಎಕ್‌ಹಾಫ್. ಕಾದಂಬರಿ ತೆರೆದುಕೊಳ್ಳುವುದು 1991ರ ಬೇಸಿಗೆಯಲ್ಲಿ, ಸಾಲ್ವೇಶನ್ ಆರ್ಮಿಯ ಬೇಸಿಗೆ ಶಿಬಿರವೊಂದರಲ್ಲಿ. ಅಲ್ಲಿ 14 ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯುತ್ತದೆ. ಹುಡುಗಿ ಮಾರ್ಟಿನೆ, ಅವಳ ತಂದೆ ಮುಂದೆ ನಾರ್ವೆಯ ಆರ್ಮಿಯ ಮುಖ್ಯಸ್ಥನಾಗುವ ದಾವಿದ್ ಎಕ್‌ಹಾಫ್. ಅವಳು ಯಾರಿಗೂ ಹೇಳುವುದಿಲ್ಲ. ದೊಡ್ಡವಳಾಗಿ ಅದೇ ಸಮವಸ್ತ್ರ ತೊಟ್ಟು, ಅದೇ ಸಭೆಗಳಲ್ಲಿ ಆ ಮನುಷ್ಯನನ್ನು ದಿನವೂ ಕಾಣುತ್ತಾ, ಫೀರ್‌ಲೀಸೆಯಲ್ಲಿ ವ್ಯಸನಿಗಳಿಗೆ ಕಾಫಿ ಕೊಡುತ್ತಾ ಬದುಕುತ್ತಾಳೆ.

ವಿಲಿಯಂ ಮತ್ತು ಕ್ಯಾಥರೀನ್ ಬೂತ್ ದಂಪತಿಗಳು 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ಆರಂಭಿಸಿದ ಕಾರ್ಯ 1878ರಲ್ಲಿ ಈ ಹೆಸರು ಪಡೆಯಿತು. 1882ರಲ್ಲಿ ಮುಂಬಯಿಗೆ, 1888ರಲ್ಲಿ ನಾರ್ವೆಗೆ ಬಂತು. 1883ರಿಂದ ಅವರು ದೀಕ್ಷಾಸ್ನಾನ, ಪ್ರಭುಭೋಜನಗಳನ್ನು ಆಚರಿಸುವುದಿಲ್ಲ. ನಮ್ಮವರು ಇದನ್ನು ಹಿಡಿದು, ಪಾಪನಿವೇದನೆಯ ಪೀಠವಿದ್ದಿದ್ದರೆ ಮಾರ್ಟಿನೆ ಮೌನವಾಗಿ ಉಳಿಯುತ್ತಿರಲಿಲ್ಲ ಎಂದು ಸುಲಭವಾಗಿ ತೀರ್ಮಾನಿಸಬಹುದು. ತರಗತಿಯಲ್ಲಿ ಆ ಮಾತು ಬಂತು ಕೂಡ. ಆ ಸಮಾಧಾನ ನಮಗೆ ದಕ್ಕದು. ಪಾಪನಿವೇದನೆ ಇರುವ ನಮ್ಮ ಧರ್ಮಸಭೆಯಲ್ಲೂ ಎಷ್ಟು ಮಕ್ಕಳು ಮೌನವಾಗಿಯೇ ಬೆಳೆದರೆಂಬುದು ಈಗ ಜಗತ್ತಿಗೇ ಗೊತ್ತು. ದೌರ್ಜನ್ಯದ ದೂರನ್ನು ಮುಚ್ಚಿಡದೆ ವರದಿ ಮಾಡುವುದನ್ನು ಯಾಜಕರ ಹಾಗೂ ಧಾರ್ಮಿಕರ ಕರ್ತವ್ಯವನ್ನಾಗಿಸಲು 2019ರ ‘ವೋಸ್ ಎಸ್ತಿಸ್ ಲೂಕ್ಸ್ ಮುಂದಿ’ ಬರಬೇಕಾಯಿತು. ಪಾಪನಿವೇದನೆಯ ಪೀಠ ಪಾಪ ಮಾಡಿದವನಿಗಾಗಿ ಇರುವುದು. ಪಾಪಕ್ಕೆ ಗುರಿಯಾದವಳು ಎಲ್ಲಿ ಕುಳಿತು ಮಾತಾಡಬೇಕು? ಈ ಪ್ರಶ್ನೆಯನ್ನು ನೆಸ್ಬೊ ಕೇಳುವುದಿಲ್ಲ. ಆದರೆ ಅವರ ಕಥೆ ಅದನ್ನು ನಮ್ಮ ಮಡಿಲಿಗೆ ಹಾಕುತ್ತದೆ. ಒಳ್ಳೆಯ ಸಂಸ್ಥೆ, ನಿಜಕ್ಕೂ ಒಳ್ಳೆಯದು: ಹಂತಕನಿಗೂ ಅನ್ನ ಬಡಿಸುವಂತಹದು. ಆ ಒಳ್ಳೆಯತನದ ಮೇಲಿನ ಪ್ರೀತಿಯೇ ಅವಳ ಬಾಯಿಗೆ ಬೀಗವಾಯಿತೆಂದು ನಮಗೆ ತೋರುತ್ತದೆ.

ಈ ಹಿನ್ನೆಲೆಯಲ್ಲಿ ಹ್ಯಾರಿಯ ತೀರ್ಪು ಮಾರ್ಟಿನೆಗೆ ಕೊಟ್ಟದ್ದೇನು ಎಂದು ಕೇಳಬೇಕು. ಯೋನ್ ಸತ್ತ. ನ್ಯಾಯಾಲಯದಲ್ಲಿ ಅವಳ ಮಾತನ್ನು ಯಾರೂ ಕೇಳಲಿಲ್ಲ. ಅವನು ಅವಳ ಮುಂದೆ ತಲೆತಗ್ಗಿಸಿ ನಿಲ್ಲಲಿಲ್ಲ. ಕ್ಷಮಿಸುವ ಹಕ್ಕೂ ಕ್ಷಮಿಸದಿರುವ ಹಕ್ಕೂ ಅವಳದಾಗಿತ್ತು. ಇಬ್ಬರು ಗಂಡಸರು ಶೌಚಾಲಯದಲ್ಲಿ ಅದನ್ನು ಅವಳಿಂದ ಕಸಿದುಕೊಂಡರು. ಜಗದ್ಗುರು 16ನೆಯ ಬೆನೆಡಿಕ್ಟರು 2007ರ ‘ಸ್ಪೆ ಸಾಲ್ವಿ’ ವಿಶ್ವಪತ್ರದಲ್ಲಿ ಅಂತಿಮ ತೀರ್ಪನ್ನು ಭಯದ ವಿಷಯವಾಗಿ ಅಲ್ಲ, ನಿರೀಕ್ಷೆಯ ವಿಷಯವಾಗಿ ವಿವರಿಸುತ್ತಾರೆ. ಕೃಪೆಯೆಂದರೆ ಎಲ್ಲವನ್ನೂ ಒರೆಸಿಹಾಕುವ ಬಟ್ಟೆಯಲ್ಲ, ಹಿಂಸಿಸಿದವರೂ ಹಿಂಸೆಗೊಳಗಾದವರೂ ಏನೂ ನಡೆಯಲಿಲ್ಲವೆಂಬಂತೆ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ ಎಂಬ ಅರ್ಥ ಬರುವಂತೆ ಬರೆಯುತ್ತಾರೆ. ಹ್ಯಾರಿಗೆ ಆ ನಿರೀಕ್ಷೆ ಇಲ್ಲ. ತೀರ್ಪು ಇಲ್ಲಿಯೇ, ಇಂದೇ ಆಗದಿದ್ದರೆ ಎಂದಿಗೂ ಆಗದು ಎಂದು ನಂಬಿದವನಿಗೆ ಬೆನ್ನು ತಿರುಗಿಸುವುದೇ ನ್ಯಾಯವಾಗಿ ಕಂಡೀತು. ಅವನ ದುಃಖದ ತಳದಲ್ಲಿರುವುದು ಈ ನಿರೀಕ್ಷೆಯ ಅಭಾವ.

ಯೆಶಾಯನ 63ನೆಯ ಅಧ್ಯಾಯದಲ್ಲಿ ಎದೋಮಿನ ಕಡೆಯಿಂದ ಕೆಂಪು ಉಡುಪು ತೊಟ್ಟು ನಡೆದುಬರುವವನೊಬ್ಬನಿದ್ದಾನೆ. ಪ್ರತೀಕಾರದ ದಿನವೂ ವಿಮೋಚನೆಯ ವರ್ಷವೂ ಅವನ ಬಾಯಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಅಲ್ಲಿನ ವಿಮೋಚನೆಯ ಪದವೂ ಗೋಯೆಲ್ ಎಂಬುದರ ಕುಟುಂಬದ್ದೇ. ಮೂಲದಲ್ಲಿ ಉಡುಪಿಗೆ ಸಿಡಿದಿರುವುದು ಶತ್ರುಗಳ ರಕ್ತ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ತೆರ್ತುಲಿಯನ್ ಅದನ್ನು ಪ್ರಭುವಿನ ಯಾತನೆಯಲ್ಲಿ ಕೆಂಪಾದ ದೇಹವೆಂದು ಓದಿದರು. ಸಂತ ಸಿಪ್ರಿಯನ್ ತಮ್ಮ 63ನೆಯ ಪತ್ರದಲ್ಲಿ, ಪರಮ ಪ್ರಸಾದದ ಪಾತ್ರೆಯನ್ನು ಕುರಿತು ಬರೆಯುವಾಗ, ಇದೇ ದ್ರಾಕ್ಷಿಯ ಆಲೆಯ ಚಿತ್ರವನ್ನು ನೆನೆದರು. ಬಟ್ಟೆಯ ಮೇಲಿನ ರಕ್ತ ತುಳಿಸಿಕೊಂಡವರದ್ದಲ್ಲ, ತುಳಿದವನದ್ದೇ ಎಂಬ ಈ ತಿರುವು ಮೂಲಪಠ್ಯದ ಅರ್ಥಕ್ಕೆ ಎಷ್ಟು ನಿಷ್ಠವಾದದ್ದು ಎಂದು ಬೈಬಲ್ ವಿದ್ವಾಂಸರು ಕೇಳಬಹುದು, ಕೇಳಬೇಕು. ನಾವು ಪ್ರತಿದಿನ ಬಲಿಪೀಠದಲ್ಲಿ ಎತ್ತುವ ಪಾತ್ರೆ ನಿಂತಿರುವುದು ಆ ತಿರುವಿನ ಮೇಲೆ. ನೆಸ್ಬೊ ಅವರ ರಕ್ಷಕ ನಿಂತಿರುವುದು ಆ ತಿರುವಿಗೆ ಹಿಂದಿನ ಹೆಜ್ಜೆಯಲ್ಲಿ.

ತರಗತಿಯ ಕೊನೆಯಲ್ಲಿ ನಾವು ವಿದ್ಯಾರ್ಥಿಗಳ ಮುಂದೆ ಒಂದು ಪ್ರಸಂಗವನ್ನಿಟ್ಟೆವು: ಹ್ಯಾರಿ ಹೂಲೆ ನಿಮ್ಮ ಬಳಿ ಪಾಪನಿವೇದನೆಗೆ ಬಂದರೆ ಏನು ಮಾಡುವಿರಿ? ಪಶ್ಚಾತ್ತಾಪವಿಲ್ಲದೆ ವಿಮೋಚನೆ ಕೊಡಲಾಗದು ಎಂದರು ಹೆಚ್ಚಿನವರು; ಉತ್ತರ ಸರಿಯಾದದ್ದೇ. ಒಬ್ಬ ಮಾತ್ರ, ಅವನು ಪಶ್ಚಾತ್ತಾಪ ಪಡದಿದ್ದರೂ ಬಂದನಲ್ಲ, ಯಾಕೆ ಬಂದ ಎಂದು ಮೊದಲು ಕೇಳುತ್ತೇನೆ ಎಂದ. ಮತ್ತೊಬ್ಬ, ಪ್ರಾಯಶ್ಚಿತ್ತವಾಗಿ ಅವನನ್ನು ಮಾರ್ಟಿನೆಯ ಬಳಿಗೆ ಕಳುಹಿಸುತ್ತೇನೆ ಎಂದ. ಅವಳಿಗೆ ಅದು ಬೇಡವಾಗಿದ್ದರೆ, ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ವಾರ ಅಲ್ಲಿಂದಲೇ ಆರಂಭಿಸಿದೆವು.